ಶಿಂಗಲ್ಸ್ ಹಳೆಯದಾದ ಮೇಲೆ: ಪೇಂಟೋ, ಶೀಟೋ, ಹೆಂಚೋ?

ಮಳೆಗಾಲಕ್ಕೆ ಮುಂಚೆ ಸೂರಿನ ಗಟರ್ ತೊಳೆಯುವಾಗ ತಳದಲ್ಲಿ ಕಪ್ಪು ಮರಳಿನಂಥದ್ದು ಸಿಕ್ಕಿದರೆ ಸುಮ್ನೆ ಬಾಚಿ ಎಸೆಯಬೇಡಿ, ಸ್ವಲ್ಪ ಅಂಗೈಗೆ ಹಾಕಿಕೊಂಡು ನೋಡಿ. ಅದು ಮರಳಲ್ಲ. ಮಾಡಿಗೆ ಹೊದಿಸುವ ಶಿಂಗಲ್ಸ್ ಮೇಲಿನ ಹರಳು. ನಮ್ಮ ಮನೆಯಲ್ಲಿ ಅದು ಮೊದಲು ಕಂಡಿದ್ದು 2017ರ ಮೇ ತಿಂಗಳಲ್ಲಿ, ಶಿಂಗಲ್ಸ್ ಹಾಕಿಸಿ ಒಂಬತ್ತೇ ವರ್ಷಕ್ಕೆ. ಸಿಲ್ವರ್ ಓಕ್ ಎಲೆ ಜೊತೆ ಅರ್ಧ ಬಕೆಟ್ ಬಂತು.

ನಮ್ಮದು ಸುಂಟಿಕೊಪ್ಪದ ಹತ್ತಿರ. ಮಡಿಕೇರಿಯ ಮಳೆ, ಕುಶಾಲನಗರದ ಬಿಸಿಲು, ಎರಡರಲ್ಲೂ ಪಾಲು ಸಿಗುವ ಜಾಗ. ಮಹಡಿ ಮೇಲೆ ಇಳಿಜಾರಿನ ಕಾಂಕ್ರೀಟ್ ಸ್ಲ್ಯಾಬ್, ಅದಕ್ಕೆ ಶಿಂಗಲ್ಸ್. ಪಕ್ಕದಲ್ಲಿ ಹೋಂಸ್ಟೇಗೆ ಅಂತ ಕಟ್ಟಿದ ಎರಡು ರೂಮಿಗೆ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು), ಪ್ಲೈವುಡ್, ಅದರ ಮೇಲೆ ಶಿಂಗಲ್ಸ್. ಮುಂದಿನ ಪೋರ್ಟಿಕೋಗೂ ಅದೇ. ಹಿಂದೆ ಮಾವನವರ ಕಾಲದ ಅಡುಗೆಮನೆಗೆ ಮಾತ್ರ ಮಂಗಳೂರು ಹೆಂಚು.

ಶಿಂಗಲ್ಸ್ ಅಂದರೆ ಫೈಬರ್ ಗ್ಲಾಸ್ ಹಾಳೆಗೆ ಡಾಂಬರು ಹಿಡಿಸಿ, ಮೇಲೆ ಹರಳು ಅಂಟಿಸಿರುವುದು. ಹರಳು ಇರುವುದು ಬರೀ ಬಣ್ಣಕ್ಕಲ್ಲ, ಡಾಂಬರಿಗೆ ಬಿಸಿಲು ನೇರ ಬೀಳದಿರಲಿ ಅಂತ. ಹರಳು ಉದುರಿದ ಕಡೆ ಡಾಂಬರು ಒಣಗುತ್ತದೆ, ಗಡುಸಾಗುತ್ತದೆ, ಅಂಚು ಸುರುಳಿ ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದು ಕೂತ ಮಾಡಿನ ಮೇಲೆ ಸಂಜೆ ಒಂದು ಜೋರು ಮಳೆ ಬಿತ್ತು ಅಂದರೆ ಅದು ಹಿಗ್ಗಿ ಕುಗ್ಗಿ ಇನ್ನಷ್ಟು ಸೀಳುತ್ತದೆ. ಗ್ಯಾರಂಟಿ ಕಾರ್ಡಿನಲ್ಲಿ 30 ವರ್ಷ ಅಂತಿತ್ತು. ಆದರೆ ಅದೇ ಕಾರ್ಡಿನಲ್ಲಿ, ಮಾಡಿನ ಕೆಳಗೆ ಗಾಳಿ ಆಡುವ ವ್ಯವಸ್ಥೆ ಇರಬೇಕು ಅಂತಲೂ ಇತ್ತು. ನಮಗೆ ಹಾಕಿಕೊಟ್ಟವರು ಆ ಮಾತನ್ನೇ ಎತ್ತಿರಲಿಲ್ಲ.

ಮೊದಲು ಮಾಡಿದ್ದು ಪೇಂಟು. ಬಿಸಿಲು ವಾಪಸ್ ಹೊಡೆಯುವ ಬಿಳಿ ಕೋಟಿಂಗ್ ಬರುತ್ತದಲ್ಲ, ಅದನ್ನು ಮನೆಯ ಪಡುವಣ ಬದಿಗೆ ಬಳಿಸಿದೆವು. ಬಳಿಯುವ ಮುಂಚೆ ಪಾಚಿ ತೆಗೆಯಬೇಕು ಅಂತ ಪ್ರೆಶರ್ ಪಂಪ್ ಹಿಡಿದರು, ಪಾಚಿಯ ಜೊತೆ ಉಳಿದಿದ್ದ ಹರಳೂ ಹೋಯ್ತು. ಇದನ್ನು ಯಾರೂ ಮಾಡಿಸಬೇಡಿ. ಆ ಬೇಸಿಗೆಯಲ್ಲಿ ರೂಮು ತಂಪಾಗಿದ್ದಿದ್ದು ನಿಜ, ಎರಡು ಡಿಗ್ರಿ ವ್ಯತ್ಯಾಸ ನಾನೇ ನೋಡಿದ್ದೇನೆ. ಆದರೆ ಕೋಟಿಂಗ್ ಶಿಂಗಲ್ಸಿನ ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿತು. ಒಳಗೆ ಸೇರಿದ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಬಿಟ್ಟುಕೊಂಡಿತು, ಉಳಿದಿದ್ದು ಮುಂದಿನ ವರ್ಷಕ್ಕೆ ಪಾಚಿ ಹಿಡಿದು ಕಪ್ಪಾಯ್ತು. ಬರೀ ಕಾಂಕ್ರೀಟ್ ತಾರಸಿಗಾದರೆ ಇದೇ ಕೋಟಿಂಗ್ ಒಳ್ಳೆಯದು. ಶಿಂಗಲ್ಸ್ ಮೇಲೆ ಬೇಡ.

ಹೋಂಸ್ಟೇ ರೂಮಿಗೆ 2018ರ ಜನವರಿಯಲ್ಲಿ ಹಳೆಯದರ ಮೇಲೇ ಹೊಸ ಶಿಂಗಲ್ಸ್ ಹೊಡೆಸಿದೆವು. ಕೀಳುವ ಕೂಲಿ ಉಳಿಯುತ್ತದೆ, ನಾಲ್ಕೇ ದಿನದ ಕೆಲಸ, ನೋಡಲು ಹೊಸದರಂತೆ. ಆ ಆಗಸ್ಟಿನಲ್ಲಿ ಸೋರಿತು. ಕೊಡಗಿನಲ್ಲಿ ಗುಡ್ಡಗಳೇ ಕುಸಿದು ಜನ ಮನೆ ಮಠ ಕಳೆದುಕೊಂಡ ಆ ದಿನಗಳಲ್ಲಿ ನಮ್ಮ ಸೋರಿಕೆ ಹೇಳಿಕೊಳ್ಳುವಂಥದ್ದಲ್ಲ, ಮೂಲೆಗೆ ಬಕೆಟ್ ಇಟ್ಟು ಸುಮ್ಮನಿದ್ದೆವು. ಫೆಬ್ರವರಿಯಲ್ಲಿ ಬಿಚ್ಚಿಸಿದಾಗ ಎರಡು ಪದರದ ಕೆಳಗಿನ ಪ್ಲೈವುಡ್ ಹೆಬ್ಬೆರಳಲ್ಲಿ ಒತ್ತಿದರೆ ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಒಳಗೆ ಹೋಗುತ್ತಿತ್ತು. ಮೊಳೆಗೆ ಹಿಡಿತವೇ ಇರಲಿಲ್ಲ. ಹೊಸದು ಹೊಡೆಯುವಾಗಲೇ ಅದು ಹಾಳಾಗಿತ್ತು, ಯಾರೂ ತೆರೆದು ನೋಡಿರಲಿಲ್ಲ ಅಷ್ಟೇ. ಹಾಗಾಗಿ ಪ್ಲೈವುಡ್ ಮೇಲೆ ಶಿಂಗಲ್ಸ್ ಇದ್ದವರು ಏನೇ ಮಾಡುವ ಮುಂಚೆ ಎರಡು ಕಡೆ ಕಿತ್ತು ಒತ್ತಿ ನೋಡಲೇಬೇಕು.

ಆ ರೂಮಿಗೆ ಕಡೆಗೆ ಹಾಕಿದ್ದು ಕಲರ್ ಶೀಟು, ಅಂದರೆ ಬಣ್ಣದ ಲೋಹದ ತಗಡು, 0.5 ಮಿ.ಮೀ. ದಪ್ಪದ್ದು. ಟ್ರಸ್ ಸಣ್ಣ ಪೈಪಿನದು, ಹೆಂಚಿನ ಭಾರ ತಡೆಯುವಂಥದ್ದಲ್ಲ. ಸೋರಿಕೆ ಅವತ್ತಿಗೇ ನಿಂತಿತು. ಬೆಳಿಗ್ಗೆ ಹತ್ತಕ್ಕೇ ಕಾಯುತ್ತದೆ ಅನ್ನುವ ದೂರು ನಿಜ, ಆದರೆ ಸೂರ್ಯ ಮುಳುಗಿದ ಅರ್ಧ ಗಂಟೆಗೆ ತಣ್ಣಗಾಗುತ್ತದೆ. ಕೆಳಗೆ ಸ್ವಲ್ಪ ಸಂದು ಬಿಟ್ಟು ಫಾಯಿಲ್ ಹಾಳೆ, ಅದರ ಕೆಳಗೆ ಸೀಲಿಂಗ್ ಹಾಕಿಸಿದ ಮೇಲೆ ಮಧ್ಯಾಹ್ನವೂ ತಡೆದುಕೊಳ್ಳುವ ಹಾಗಾಯ್ತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ಸದ್ದು ಮಾತ್ರ ಸೀಲಿಂಗ್ ಇದ್ದರೂ ಜಾಸ್ತಿಯೇ, ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರಿಯುತ್ತದೆ, ಅದನ್ನು ಆಗಾಗ ನೋಡಿ ಬದಲಿಸುತ್ತಿರಬೇಕು.

ಇನ್ನು ಮನೆ. ಪೇಂಟು ಕೈಕೊಟ್ಟ ಮೇಲೆ ನಾನು ಒಂದೇ ಥರ್ಮಾಮೀಟರ್ ಹಿಡಿದು ಏಪ್ರಿಲ್ ತಿಂಗಳಿಡೀ ರೂಮಿಂದ ರೂಮಿಗೆ ಓಡಾಡಿದೆ. ಹೊರಗೆ ನೆರಳಲ್ಲಿ 32 ಇರುವಾಗ ಮಧ್ಯಾಹ್ನ ಮೂರಕ್ಕೆ ಮಹಡಿಯಲ್ಲಿ 36. ಅದಕ್ಕಿಂತ ಬೇಜಾರಿನ ವಿಷಯ, ರಾತ್ರಿ ಒಂಬತ್ತಕ್ಕೂ 33, ಯಾಕೆಂದರೆ ಶಿಂಗಲ್ಸ್ ಕುಡಿದ ಶಾಖವನ್ನೆಲ್ಲ ಸ್ಲ್ಯಾಬ್ ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ. ಒಲೆ ಉರಿಯುವ ಹಳೆ ಅಡುಗೆಮನೆಯಲ್ಲಿ ಅದೇ ಮೂರು ಗಂಟೆಗೆ 33! ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ನಮ್ಮ ಮಳೆ ಬಿಸಿಲಿಗೆ ಇಷ್ಟು ಹೊಂದುತ್ತದೆ ಅಂತ ಅಂಕಿಯಲ್ಲಿ ನೋಡಿದ್ದು ಅವತ್ತೇ.

2020ರ ಜನವರಿಯಲ್ಲಿ ಮಹಡಿಯ ಶಿಂಗಲ್ಸ್ ಪೂರ್ತಿ ಕೀಳಿಸಿ, ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಜಿ.ಐ. ಪೈಪಿನ ಮೇಲೆ ಅಡ್ಡ ರೀಪು ಹೊಡೆಸಿ ಹೆಂಚು ಹೊದಿಸಿದೆವು. ನಾನು ಸ್ಲ್ಯಾಬಿಗೂ ಹೆಂಚಿಗೂ ನಡುವಿನ ಸಂದು ಕಮ್ಮಿ ಮಾಡಿ, ಚೆನ್ನಾಗಿ ಕೂರಲಿ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. "ಅಕ್ಕ, ಹೆಂಚು ನೀರು ತಡೆಯುತ್ತೆ, ಶಾಖ ತಡೆಯೋದು ಈ ಸಂದು. ನಾಲ್ಕು ಇಂಚು ಇರಲಿ" ಅಂದರು. ಸೂರಿನ ಕಡೆ ಇಲಿ, ಬಾವಲಿ ಹೋಗದ ಹಾಗೆ ಜಾಲರಿ ಹೊಡೆದರು. ಕೆಳಗಿಂದ ಗಾಳಿ ನುಗ್ಗುತ್ತದೆ, ಕಾದದ್ದು ಮೇಲೆ ನೆತ್ತಿಯ ಹತ್ತಿರ ಹೊರಗೆ ಹೋಗುತ್ತದೆ. ಆ ಏಪ್ರಿಲ್‌ನಲ್ಲಿ ಮಹಡಿಯಲ್ಲಿ ಮಧ್ಯಾಹ್ನ 32, ರಾತ್ರಿ 28. ಫ್ಯಾನು ಒಂದರಲ್ಲಿಟ್ಟು ಮಲಗಿದ್ದೇವೆ.

ಹೆಂಚಿನ ಕಷ್ಟವನ್ನೂ ಹೇಳಬೇಕು. ಒಂದು ಹೆಂಚು ಎರಡೂವರೆ ಕೆ.ಜಿ. ಹತ್ತಿರ, ಒಂದು ಚದರ ಮೀಟರಿಗೆ ಸುಮಾರು ಹದಿನೈದು ಬೇಕು. ಶಿಂಗಲ್ಸಿಗಿಂತ ಮೂರು ನಾಲ್ಕು ಪಟ್ಟು ಭಾರ. ಇಳಿಜಾರು ಕಮ್ಮಿ ಇದ್ದರೆ ಗಾಳಿಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ. ಕೋತಿ ಓಡಿದರೆ ಒಡೆಯುತ್ತದೆ, ಪ್ರತಿ ಮೇಯಲ್ಲಿ ಒಬ್ಬರು ಹತ್ತಿ ನೋಡಲೇಬೇಕು. ಚದರಡಿ ಲೆಕ್ಕದಲ್ಲಿ ಶೀಟಿಗಿಂತ ನಮಗೆ ಒಂದೂಮುಕ್ಕಾಲು ಪಟ್ಟು ಖರ್ಚಾಯ್ತು, ಅದೂ ಅರ್ಧ ಹೆಂಚು ಹಳೆ ಮನೆ ಕೆಡವಿದಲ್ಲಿಂದ ತಂದು. ಹಳೆಯದು ತರುವವರು ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆರಳಲ್ಲಿ ತಟ್ಟಿ: ಟಣ್ ಅಂದರೆ ಇಟ್ಟುಕೊಳ್ಳಿ, ದಬ್ ಅಂದರೆ ಎಲ್ಲೋ ಸೀಳಿದೆ. ನಾನೂ ಅತ್ತೆಯೂ ಎರಡು ದಿನ ಅಂಗಳದಲ್ಲಿ ಕೂತು ಇದನ್ನೇ ಮಾಡಿದೆವು.

ಸ್ಲ್ಯಾಬ್ ಇದ್ದವರು ಸಾಲ ಮಾಡದೆ ಆಗುವುದಾದರೆ ಹೆಂಚೇ ಹಾಕಿಸಿ. ಸಣ್ಣ ಟ್ರಸ್ ಇದ್ದವರಿಗೆ ಶೀಟು, ಆದರೆ ಫಾಯಿಲ್ಲು, ಸೀಲಿಂಗಿನ ದುಡ್ಡನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಿ. ಕೆಲಸ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಮಾರ್ಚ್ ಮೊದಲ ವಾರದೊಳಗೆ ಮುಗಿಯಬೇಕು, ಬಿಚ್ಚಿಟ್ಟ ಮಾಡಿನ ಮೇಲೆ ಮಳೆ ಬಿದ್ದರೆ ಬಹಳ ನಷ್ಟ.

ಪೋರ್ಟಿಕೋದ ಶಿಂಗಲ್ಸ್ ಮಾತ್ರ ಹಾಗೇ ಬಿಟ್ಟಿದ್ದೇವೆ. ಮೂರು ಕಡೆ ತೆರೆದಿರುವ ಜಾಗ, ಅಡಿಯಲ್ಲಿ ಯಾರೂ ಮಲಗುವುದಿಲ್ಲ, ಮಾವಿನ ಮರದ ನೆರಳೂ ಇದೆ. ಕಳೆದ ಮೇಯಲ್ಲಿ ಅದರ ಗಟರಿನಲ್ಲಿ ಸಿಕ್ಕಿದ ಹರಳು ಅರ್ಧ ಲೋಟ. ಅದು ಎರಡು ಲೋಟ ಆದ ವರ್ಷ ಕೀಳಿಸುತ್ತೇವೆ. ಅದಕ್ಕೆ ಬೇಕಾದ ಹೆಂಚನ್ನು ತಟ್ಟಿ ನೋಡಿ, ಕಣದ ಮೂಲೆಯಲ್ಲಿ ಜೋಡಿಸಿಟ್ಟಿದ್ದೇವೆ.