ಬಿಳಿ ಪೊರೆ ಕಟ್ಟಿದ ಶುಂಠಿ ಬಿಯರ್: ಬಾಟಲಿಗೆ ತುಂಬುವ ಮುನ್ನ ನಾಲ್ಕು ದಾರಿಗಳ ಹೋಲಿಕೆ

ಕಳೆದ ಆಟಿ ತಿಂಗಳಲ್ಲಿ ಬದಿಯಡ್ಕದ ನಮ್ಮ ಮನೆಯಲ್ಲಿ ಹುದುಗಲು ಇಟ್ಟಿದ್ದ 12 ಲೀಟರ್ ಶುಂಠಿ ಬಿಯರಿನ ಮೇಲೆ ಆರನೆಯ ದಿನ ತೆಳ್ಳಗಿನ, ನೆರಿಗೆಗಟ್ಟಿದ ಬಿಳಿ ಪೊರೆ ಕಾಣಿಸಿತು. ಹೆಸರಿನಲ್ಲಿ ಬಿಯರ್ ಇದ್ದರೂ ಇದಕ್ಕೆ ಬಾರ್ಲಿಯಾಗಲಿ ಹಾಪ್ಸ್ ಆಗಲಿ ಬೇಡ. ಜಜ್ಜಿದ ಹಸಿಶುಂಠಿ, ಲೀಟರಿಗೆ 90 ಗ್ರಾಂ ಸಕ್ಕರೆ, ಲಿಂಬೆರಸ ಮತ್ತು ಒಂದು ಚಿಟಿಕೆ ಯೀಸ್ಟ್ ಸಾಕು. ಪೊರೆಯನ್ನು ನೋಡಿದ ಅಮ್ಮ, ಉಪ್ಪುನೀರಿನ ಮಾವಿನಮಿಡಿಯ ಭರಣಿಯಲ್ಲಿ ಬರುವಂಥದ್ದೇ ಇದು, ತೆಗೆದುಹಾಕಿದರೆ ಆಯಿತು ಎಂದರು. ಅವರ ಮಾತಿನ ಮೊದಲರ್ಧ ಸರಿಯಾಗಿತ್ತು. ಎರಡೂ ಕಡೆ ಗಾಳಿ ಸಿಕ್ಕಲ್ಲಿ ಬೆಳೆಯುವ ಕಾಡು ಯೀಸ್ಟುಗಳೇ ಈ ಪೊರೆಯನ್ನು ಕಟ್ಟುತ್ತವೆ. ಎರಡನೆಯ ಅರ್ಧ ಮಾತ್ರ ಬಾಟಲಿಗೆ ಸಲ್ಲುವುದಿಲ್ಲ, ಏಕೆಂದರೆ ಭರಣಿಯಿಂದ ಅನಿಲ ಹೊರಗೆ ಹೋಗಲು ದಾರಿಯಿರುತ್ತದೆ, ಬಿಗಿದು ಮುಚ್ಚಿದ ಬಾಟಲಿಯಲ್ಲಿ ಇರುವುದಿಲ್ಲ.

ಪೊರೆಯು ರೋಮವಿಲ್ಲದೆ ಬೆಳ್ಳಗಿದ್ದರೆ ಮಾತ್ರ ಮುಂದಿನ ಹೋಲಿಕೆಗೆ ಅರ್ಥವಿದೆ. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ, ರೋಮದಂತೆ ಎದ್ದು ನಿಂತ ಬೂಷ್ಟು ಕಂಡರೆ ಎಲ್ಲವನ್ನೂ ಚೆಲ್ಲಬೇಕು. ಬೂಷ್ಟಿನ ಬೇರುಗಳು ಕಣ್ಣಿಗೆ ಕಾಣದಂತೆ ಕೆಳಗಿಳಿದಿರುತ್ತವೆ ಮತ್ತು ಕೆಲವು ಜಾತಿಗಳು ಬಿಡುವ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ನನ್ನ ಪಾತ್ರೆಯಲ್ಲಿ ಅಂಥದ್ದು ಇರಲಿಲ್ಲ. ವಿನೆಗರಿನ ವಾಸನೆಯಿರಲಿಲ್ಲ, ಎತ್ತಿ ಸುರಿದರೆ ನೂಲಿನಂತೆ ಎಳೆಯುತ್ತಲೂ ಇರಲಿಲ್ಲ, ಹುಳಿಯನ್ನು ಅಳೆಯುವ ಪಿಎಚ್ ಪಟ್ಟಿ 3.5ರ ಆಸುಪಾಸಿನ ಬಣ್ಣವನ್ನು ತೋರಿಸಿತು. ಆದರೆ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ (ಬರಿ ನೀರಿನಲ್ಲಿ ಅದು 1.000 ತೋರಿಸುತ್ತದೆ) 1.012ರಲ್ಲಿ ನಿಂತಿತ್ತು, ಅಂದರೆ ಲೀಟರಿಗೆ 30 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಸಕ್ಕರೆ ಇನ್ನೂ ಉಳಿದಿತ್ತು. ಇದನ್ನು ತಲಾ ಮೂರು ಲೀಟರಿನ ನಾಲ್ಕು ಪಾಲು ಮಾಡಿದೆ.

ಮೊದಲ ಪಾಲಿಗೆ ಅಮ್ಮ ಹೇಳಿದಂತೆಯೇ ಮಾಡಿದೆ. ಪೊರೆಯನ್ನು ಸೌಟಿನಿಂದ ತೆಗೆದು ಸೋಡಾದ ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿದೆ. ಮೂರನೆಯ ದಿನ ಬಾಟಲಿಗಳು ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದವು, ಕತ್ತಿನ ಒಳಗೆ ಬಿಳಿ ಉಂಗುರ ಮತ್ತೆ ಮೂಡಿತ್ತು, ಮುಚ್ಚಳ ಸಡಿಲಿಸಿದಾಗ ಅರ್ಧ ಪಾನೀಯ ನೊರೆಯಾಗಿ ಹೊರಬಿತ್ತು. ಇದರ ಲೆಕ್ಕ ಸರಳ. ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ದ್ರವದಷ್ಟೇ ಗಾತ್ರದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಸಾಮಾನ್ಯ ಬಿಯರಿನಲ್ಲಿ ಇರುವುದು ಅದರ ಎರಡೂವರೆ ಪಟ್ಟು, ನನ್ನ ಬಾಟಲಿಯಲ್ಲಿ ಹುಟ್ಟಬಹುದಾಗಿದ್ದದ್ದು ಏಳು ಪಟ್ಟಿಗೂ ಹೆಚ್ಚು. ಗಾಜಿನ ಬಾಟಲಿಯಾಗಿದ್ದರೆ ಸಿಡಿದು ಯಾರಿಗಾದರೂ ಗಾಯವಾಗುತ್ತಿತ್ತು. ಎರಡು ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟಾಗ ಹುದುಗುವಿಕೆ ನಿಂತಿತು. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ನೀರಾವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಇಳಿಸಿ ಕಲ್ಪರಸವಾಗಿ ಉಳಿಸಿಕೊಳ್ಳುವುದು ಇದೇ ತತ್ತ್ವದ ಮೇಲೆ. ಆದರೆ ಚಳಿಯು ಯೀಸ್ಟನ್ನು ಕೊಲ್ಲುವುದಿಲ್ಲ. ಹೊರಗೆ ತೆಗೆದಿಟ್ಟ ಬಾಟಲಿ ಮರುದಿನವೇ ಮತ್ತೆ ಬಿಗಿಯತೊಡಗಿತು.

ಎರಡನೆಯ ಪಾಲನ್ನು ಸ್ಟೀಲ್ ಪಾತ್ರೆಯಲ್ಲಿ 65 ಡಿಗ್ರಿಗೆ ಬಿಸಿ ಮಾಡಿ 15 ನಿಮಿಷ ಇಟ್ಟೆ. ಬಿಯರ್ ಕಾರ್ಖಾನೆಗಳು ಪಾಶ್ಚರೀಕರಣವನ್ನು, ಅಂದರೆ ಬಿಸಿಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು, ಅಳೆಯುವುದು 60 ಡಿಗ್ರಿಯಲ್ಲಿ ಒಂದು ನಿಮಿಷ ಎಂಬ ಮಾನದಿಂದ, ಆ ಲೆಕ್ಕದಲ್ಲಿ ನನ್ನದು ಅಗತ್ಯಕ್ಕಿಂತ ಹೆಚ್ಚೇ ಆಯಿತು. ಪೊರೆ ಮತ್ತೆ ಬರಲಿಲ್ಲ, ತಿಂಗಳು ಕಳೆದರೂ ಬಾಟಲಿ ಮೆತ್ತಗೇ ಇತ್ತು. ಆದರೆ ಹಸಿಶುಂಠಿಯ ಚುರುಕು ಹೋಗಿ ಕಷಾಯದ ರುಚಿ ಬಂದಿತ್ತು, ನೊರೆಯೂ ಇರಲಿಲ್ಲ. ನೊರೆ ಬೇಕೆಂದು ಹೊಸ ಯೀಸ್ಟ್ ಹಾಕಿದರೆ ಉಳಿದ ಸಕ್ಕರೆಯನ್ನೆಲ್ಲ ಅದು ತಿಂದು ಮೊದಲಿನ ಅಪಾಯವೇ ಮರಳುತ್ತದೆ. ಕೊನೆಗೆ ಅದನ್ನು ಶರಬತ್ತಿನಂತೆ ಸೋಡಾ ಬೆರೆಸಿ ಕುಡಿದೆವು.

ಮೂರನೆಯದಕ್ಕೆ, ನಮ್ಮ ಕಡೆ ಹಣ್ಣಿನ ಸ್ಕ್ವಾಷ್ ಕೆಡದಿರಲು ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿಯನ್ನು ಲೀಟರಿಗೆ 0.1 ಗ್ರಾಮಿನಂತೆ ಬೆರೆಸಿದೆ. ಎರಡು ದಿನ ಎಲ್ಲವೂ ಶಾಂತವಾಗಿತ್ತು, ಬಳಿಕ ಗುಳ್ಳೆಗಳು ಪುನಃ ಏಳತೊಡಗಿದವು. ಹೊಸದಾಗಿ ಸೇರುವ ಸೂಕ್ಷ್ಮಜೀವಿಗಳನ್ನು ತಡೆಯಲು ಇದು ಒಳ್ಳೆಯದಿರಬಹುದು, ಈಗಾಗಲೇ ಬೆಳೆದು ನಿಂತ ಯೀಸ್ಟಿನ ದಂಡನ್ನು ಅಷ್ಟು ಪ್ರಮಾಣ ಮಣಿಸಲಿಲ್ಲ. ಗಂಧಕದ ವಾಸನೆ ಉಳಿಯಿತು. ಇದು ಉಬ್ಬಸ ಇರುವವರಿಗೆ ಉಸಿರಾಟದ ತೊಂದರೆ ಕೊಡಬಲ್ಲ ವಸ್ತುವಾದ್ದರಿಂದ ಅತ್ತಿಗೆಗೆ ಒಂದು ಗುಟುಕನ್ನೂ ಕೊಡಲು ನನಗೆ ಧೈರ್ಯವಾಗಲಿಲ್ಲ.

ನಾಲ್ಕನೆಯ ದಾರಿಯಲ್ಲಿ ಕೊಲ್ಲುವ ಪ್ರಯತ್ನವನ್ನೇ ಬಿಟ್ಟೆ. ಕೊಳವೆಯ ತುದಿಯನ್ನು ಪೊರೆಯ ಕೆಳಗೆ ಇಳಿಸಿ, ದ್ರವವನ್ನು ಮಾತ್ರ ಕಿರಿದಾದ ಕತ್ತಿನ ಇನ್ನೊಂದು ಪಾತ್ರೆಗೆ ಕತ್ತಿನವರೆಗೂ ತುಂಬಿಸಿ, ಅನಿಲ ಹೊರಹೋಗುವಂತೆ ಆದರೆ ಗಾಳಿ ಒಳಬಾರದಂತೆ ನೀರಿನ ಬೀಗ ಹಾಕಿದೆ. ಕೊನೆಯ ಕಾಲು ಲೀಟರಿನ ಆಸೆಗೆ ಹೋದರೆ ಪೊರೆಯೂ ಜೊತೆಗೆ ಇಳಿಯುತ್ತದೆ, ಅಷ್ಟನ್ನು ಬಿಟ್ಟುಬಿಡಬೇಕು. ಗಾಳಿಯಿಲ್ಲದೆ ಪೊರೆ ಕಟ್ಟಲಿಲ್ಲ. ಹತ್ತು ದಿನಗಳಲ್ಲಿ ಹೈಡ್ರೋಮೀಟರ್ 1.003ಕ್ಕೆ, ಅಲ್ಲಿಂದ 1.000ಕ್ಕೆ ಇಳಿದು, ಮೂರು ದಿನ ಅಲ್ಲೇ ನಿಂತ ಮೇಲೆ ಲೀಟರಿಗೆ ಆರು ಗ್ರಾಂ ಸಕ್ಕರೆ ಅಳೆದು ಹಾಕಿ ಬಾಟಲಿಗೆ ತುಂಬಿದೆ. ಸಿಹಿ ಹೋಗಿ ತುಸು ಹುಳಿ ಬಂದಿತ್ತು, ಶುಂಠಿಯ ಖಾರ ಹಾಗೆಯೇ ಇತ್ತು, ನೊರೆ ಹದವಾಗಿತ್ತು. ನಾಳೆಯೇ ನೆಂಟರು ಬರುವವರಿದ್ದರೆ ಬಿಸಿ ಮಾಡುವ ದಾರಿಯೇ ಸುರಕ್ಷಿತ, ಎರಡು ವಾರ ಕಾಯುವ ವ್ಯವಧಾನವಿದ್ದರೆ ನನ್ನ ಮತ ನಿಸ್ಸಂಶಯವಾಗಿ ಇದಕ್ಕೆ.

ಮೊದಲು ಹುದುಗಲು ಇಟ್ಟಿದ್ದ ಪಾತ್ರೆಯನ್ನು ತೊಳೆಯುವಾಗ ಅದಕ್ಕಿದ್ದ ನಲ್ಲಿಯನ್ನು ಬಿಚ್ಚಿ ನೋಡಿದೆ. ಅದರ ರಬ್ಬರ್ ಬಳೆಯ ಹಿಂದೆ ಹಿಂದಿನ ಸಲದ ಲೋಳೆ ಅಂಟಿಕೊಂಡಿತ್ತು. ಈಗ ಪ್ರತಿ ಸಲವೂ ನಲ್ಲಿಯನ್ನು ಬಿಚ್ಚಿ ಉಜ್ಜಿ ತೊಳೆದು, ಬಳೆಯನ್ನು ಕುದಿನೀರಿನಲ್ಲಿ ಅದ್ದಿಯೇ ಮರಳಿ ಜೋಡಿಸುತ್ತೇನೆ, ಹುದುಗುವ ದಿನಗಳಲ್ಲಿ ಮುಚ್ಚಳ ತೆಗೆದು ಇಣುಕುವುದನ್ನೂ ಬಿಟ್ಟಿದ್ದೇನೆ.