ಕಡಲ ಗಾಳಿಗೆ ಯಾವ ಮ್ಯಾಗಜೀನ್? ಉಕ್ಕು, ಕಪ್ಪು ನೈಲಾನ್, ಪಾರದರ್ಶಕ ಪ್ಲಾಸ್ಟಿಕ್

ಮಲ್ಪೆಯ ಕಡಲಿನಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್ ಕೂಡ ಇಲ್ಲ. ಗೇಟಿನ ಚಿಲಕ ನಾಲ್ಕು ಮಳೆಗಾಲ ಬಾಳಿದರೆ ಹೆಚ್ಚು. ಇಂಥ ಜಾಗದಲ್ಲಿ ಪರವಾನಗಿ ಪಡೆದು ಪಾಯಿಂಟ್ 22 ರೈಫಲ್ ಇಟ್ಟುಕೊಂಡು ಗುರಿ ಅಭ್ಯಾಸ ಮಾಡುವವನು ಮ್ಯಾಗಜೀನಿನ, ಅಂದರೆ ತೋಟೆ ತುಂಬಿ ರೈಫಲಿಗೆ ಸಿಕ್ಕಿಸುವ ಡಬ್ಬಿಯ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು. ಮೂರು ವರ್ಷ ಮೂರು ಬಗೆಯನ್ನು ಬಳಸಿದ್ದೇನೆ: ರೈಫಲ್ ಜೊತೆಗೇ ಬಂದ ಉಕ್ಕಿನದು, ಗಾಜಿನ ನಾರು ಬೆರೆಸಿದ ಕಪ್ಪು ನೈಲಾನಿನವು ಎರಡು, ಒಳಗಿನ ತೋಟೆಗಳು ಕಾಣುವ ಪಾರದರ್ಶಕ ಪಾಲಿಕಾರ್ಬೊನೇಟಿನದು ಒಂದು.

ಪಾರದರ್ಶಕದ್ದು ಸೋತದ್ದು ಬಿಸಿಲಿಗಲ್ಲ, ಮಳೆಗಲ್ಲ, ಸೊಳ್ಳೆ ಮುಲಾಮಿಗೆ. ಮಂಗಳೂರಿನಲ್ಲಿ ಸಂಜೆ ಹೊತ್ತು ಮುಲಾಮು ಹಚ್ಚದೆ ಹುಲ್ಲಿನ ಮೇಲೆ ಮಲಗಿ ಗುರಿಯಿಡಲು ಸಾಧ್ಯವೇ? ಅದೇ ಕೈಯಲ್ಲಿ ಮ್ಯಾಗಜೀನ್ ಹಿಡಿದೆ. ಬೆರಳು ತಾಗಿದ ಕಡೆ ಹೊಳಪು ಹೋಗಿ ಜೇಡರ ಬಲೆಯಂಥ ಗೀರುಗಳೆದ್ದವು. ಮುಲಾಮಿನಲ್ಲಿರುವ ಡೀಟ್ ಎಂಬ ರಾಸಾಯನಿಕಕ್ಕೆ ಪಾಲಿಕಾರ್ಬೊನೇಟ್ ತಡೆಯುವುದಿಲ್ಲ. ಎಷ್ಟು ತೋಟೆ ಉಳಿದಿದೆಯೆಂದು ಕಾಣುವ ಅನುಕೂಲಕ್ಕೆ ಮರುಳಾಗಿ ಕೊಂಡದ್ದು. ಆರು ತಿಂಗಳಲ್ಲಿ ಬದಿಗಿಟ್ಟೆ.

ಉಳಿದವು ಉಕ್ಕು ಮತ್ತು ಕಪ್ಪು ನೈಲಾನ್. ನಮ್ಮಲ್ಲಿ ಚಳಿಯೇ ಇಲ್ಲ, ಆದರೂ ಚಳಿಯ ಪರೀಕ್ಷೆ ಮಾಡಲೇಬೇಕೆನಿಸಿತು. ಕಾರಣ ನನ್ನ ಭಾವ. ಸೈನ್ಯದಲ್ಲಿದ್ದವರು. ಪ್ಲಾಸ್ಟಿಕ್ ಮ್ಯಾಗಜೀನ್ ಎಂದರೆ ಇಂದಿಗೂ ನಂಬುವುದಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೈನ್ಯದ ಇನ್ಸಾಸ್ ರೈಫಲ್‌ಗಳ ಪ್ಲಾಸ್ಟಿಕ್ ಮ್ಯಾಗಜೀನ್‌ಗಳು ಚಳಿಗೆ ಬಿರುಕು ಬಿಟ್ಟವೆಂದು ಪತ್ರಿಕೆಗಳಲ್ಲಿಯೂ ಬಂದಿತ್ತು. "ಭಾವ, ಈಗ ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುವ ಎಕೆ-203 ರೈಫಲಿಗೂ ಪ್ಲಾಸ್ಟಿಕ್ ಮ್ಯಾಗಜೀನೇ ಅಲ್ಲವೇ?" ಎಂದು ಕೇಳಿದರೆ, "ಮೊದಲು ಬೀಳಿಸಿ ನೋಡು, ಆಮೇಲೆ ಮಾತಾಡು" ಎಂದರು.

ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಕುಡಿದ ನೈಲಾನ್ ಬಾಗುತ್ತದೆ, ಒಣಗಿದ್ದು ಒಡೆಯುತ್ತದೆ. ಹಾಗಾಗಿ ಕಪ್ಪು ಮ್ಯಾಗಜೀನ್‌ಗಳಲ್ಲಿ ಒಂದನ್ನು ಮನೆಯ ಗಾಳಿಯಲ್ಲಿಯೇ ಇಟ್ಟೆ. ಇನ್ನೊಂದನ್ನು ಮೂರು ತಿಂಗಳು ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಮುಚ್ಚಿಟ್ಟೆ. ಬಳಿಕ ಉಕ್ಕಿನದನ್ನೂ ಸೇರಿಸಿ ಮೂರನ್ನೂ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ತೆಗೆದ ಕೂಡಲೇ ಸೊಂಟದೆತ್ತರದಿಂದ ಅಂಗಳದ ಮುರಕಲ್ಲಿನ ಮೇಲೆ ಹತ್ತು ಹತ್ತು ಸಲ ಬೀಳಿಸಿದೆ. ಎಲ್ಲವೂ ಖಾಲಿ ಮ್ಯಾಗಜೀನ್‌ಗಳು. ತೋಟೆ ತುಂಬಿ ಇಂಥ ಪ್ರಯೋಗಕ್ಕೆ ಯಾರೂ ಕೈ ಹಾಕಬಾರದು. ಮನೆಯ ಗಾಳಿಯದ್ದಕ್ಕೆ ಗೀರು ಮಾತ್ರ. ಒಣಗಿಸಿದ್ದರ ತಳದ ಮೂಲೆ ಏಳನೆಯ ಸಲಕ್ಕೆ ಚಕ್ಕೆ ಎದ್ದಿತು. ಉಕ್ಕಿನದು ಒಡೆಯಲಿಲ್ಲ, ಆದರೆ ತೋಟೆಯನ್ನು ಹಿಡಿದಿಡುವ ಮೇಲಿನ ಅಂಚು ಕೂದಲೆಳೆಯಷ್ಟು ಬಾಗಿತು. ಅಷ್ಟೇ ಸಾಕಾಯಿತು: ಮರುವಾರ ರೇಂಜಿನಲ್ಲಿ ಎರಡು ಸಲ ತೋಟೆ ಸಿಕ್ಕಿಕೊಂಡಿತು. ಭಾವನ ಸಂಶಯ ಲಡಾಖಿನ ಒಣ ಚಳಿಗೆ ನ್ಯಾಯವಾದದ್ದು. ನಮ್ಮ ಕರಾವಳಿಯ ತೇವ ಮಾತ್ರ ನೈಲಾನಿಗೆ ಔಷಧ.

ಅದೇ ತೇವದಿಂದ ಒಂದು ಕಿರಿಕಿರಿಯೂ ಇದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ನೈಲಾನ್ ತುಸು ಉಬ್ಬಿ, ರೈಫಲಿನ ಗುಂಡಿ ಒತ್ತಿದರೂ ಮ್ಯಾಗಜೀನ್ ತಾನಾಗಿ ಜಾರುವುದಿಲ್ಲ, ಎಳೆಯಬೇಕಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಈ ತೊಂದರೆಯಿರಲಿಲ್ಲ.

ಇನ್ನು ತುಕ್ಕು. ಚುನಾವಣೆಯ ಸಮಯದಲ್ಲಿ ಪರವಾನಗಿ ಇರುವ ಹಲವರಂತೆ ನಾನೂ ಕೋವಿಯನ್ನು ಠೇವಣಿ ಇಟ್ಟೆ. ಎಣ್ಣೆ ಹಚ್ಚದೆ ಕೊಟ್ಟದ್ದು ನನ್ನದೇ ತಪ್ಪು. ಎರಡು ತಿಂಗಳ ಬಳಿಕ ಉಕ್ಕಿನ ಮ್ಯಾಗಜೀನ್ ಕೆಂಪಗಾಗಿತ್ತು. ಕಪ್ಪು ನೈಲಾನಿನದು ಹೊಸದರಂತೆ ಹೊಳೆಯುತ್ತಿತ್ತು. ಖುಷಿಯಿಂದ ತಳದ ಮುಚ್ಚಳ ಸರಿಸಿದರೆ ಒಳಗಿನ ಸ್ಪ್ರಿಂಗ್ ಉಕ್ಕಿನದಕ್ಕಿಂತ ಹೆಚ್ಚು ತುಕ್ಕು ಹಿಡಿದಿತ್ತು. ಪ್ಲಾಸ್ಟಿಕ್ ಮೈಯೊಳಗೂ ಸ್ಪ್ರಿಂಗ್ ಉಕ್ಕಿನದೇ ಎಂಬುದನ್ನು ಮರೆತೇಬಿಟ್ಟಿದ್ದೆ. ಉಕ್ಕಿನ ಮ್ಯಾಗಜೀನ್ ತನ್ನ ಕಾಯಿಲೆಯನ್ನು ಮೈಮೇಲೆ ತೋರಿಸುತ್ತದೆ, ಇದು ಮುಚ್ಚಿಡುತ್ತದೆ.

ಆದರೂ ಉಡುಪಿ, ಮಂಗಳೂರಿನವರು ಕೇಳಿದರೆ ಕಪ್ಪು ನೈಲಾನಿನದನ್ನೇ ಹೇಳುತ್ತೇನೆ, ತಳದ ಮುಚ್ಚಳ ಕೈಯಿಂದಲೇ ಬಿಚ್ಚಲು ಬರುವಂಥದ್ದನ್ನು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಸ್ಪ್ರಿಂಗ್ ಹೊರತೆಗೆದು, ಒಣಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆ ಮಾತ್ರ ಉಳಿಯುವಂತೆ ಸವರಿ ಹಾಕುತ್ತೇನೆ. ಬಾಗಿದ ಅಂಚನ್ನು ನೇರಮಾಡಿದ ಉಕ್ಕಿನದೂ ಪಕ್ಕದಲ್ಲಿಯೇ ಇದೆ. ಅದರ ಮೈ ಕೆಂಪಾಗತೊಡಗಿದರೆ ನೈಲಾನಿನದನ್ನೂ ಬಿಚ್ಚುವ ಹೊತ್ತಾಯಿತೆಂದು ತಿಳಿಯುತ್ತದೆ.