ಕೊಟ್ಟಿದ್ದು ಮುಗಿಯಿತಾ? ಸುವಾಸನೆಯ ಉಡುಗೊರೆಗಳ 11 ವರ್ಷದ ಲೆಕ್ಕ

ನಮ್ಮ ಮನೆಯಲ್ಲಿ ಒಂದು ಮುಯ್ಯಿ ಪುಸ್ತಕ ಇದೆ. ಯಾರ ಮದುವೆಗೆ ಏನು ಕೊಟ್ಟೆವು, ಅವರಿಂದ ಏನು ಬಂತು ಅಂತ ಅಮ್ಮ ಬರೆದಿಡುತ್ತಿದ್ದರು. 2014ರಲ್ಲಿ ಪುಸ್ತಕ ನನ್ನ ಕೈಗೆ ಬಂತು. ನಾನು ಕೊನೆಯಲ್ಲಿ ಒಂದು ಕಾಲಂ ಜಾಸ್ತಿ ಎಳೆದೆ. ಅದರ ಹೆಸರು "ಮುಗಿಯಿತಾ?". ನಾನು ಹೆಚ್ಚಾಗಿ ಕೊಡುವುದು ಸೋಪು, ಊದಿನಕಡ್ಡಿ, ಎಣ್ಣೆ, ಅತ್ತರು ಇಂಥವನ್ನೇ. ಕೊಟ್ಟದ್ದನ್ನು ಅವರು ಬಳಸಿ ಖಾಲಿ ಮಾಡಿದರೆ ಉಡುಗೊರೆ ಪಾಸು. ಅದಕ್ಕೇ ನೆಂಟರ ಮನೆಗೆ ಹೋದಾಗ ಕೈ ತೊಳೆಯುವ ನೆಪದಲ್ಲಿ ಬಚ್ಚಲುಮನೆ ನೋಡಿಕೊಂಡು ಬರುತ್ತೇನೆ. ಕೆಟ್ಟ ಅಭ್ಯಾಸ, ಗೊತ್ತು.

ನೂರು, ಇನ್ನೂರು ರೂಪಾಯಿಯೊಳಗೆ ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಸಲ "ಮುಗಿಯಿತು" ಅಂತ ಬರೆಸಿಕೊಂಡಿರುವುದು ಮೈಸೂರು ಸ್ಯಾಂಡಲ್ ಸೋಪು. ಇದರಲ್ಲಿ ಹೊಸದೇನಿದೆ ಅಂತ ನೀವು ಕೇಳಬಹುದು. ಹೊಸದಲ್ಲ ಅನ್ನುವುದೇ ಇದರ ಗುಣ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸುವುದು ನಿಂತುಹೋಯಿತು. ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಎಣ್ಣೆಯನ್ನು ಇಲ್ಲೇ ತೆಗೆಸಲು ಹೊರಟರು. 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಶುರುವಾಯಿತು. ಆಮೇಲೆ ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್. ಜಿ. ಶಾಸ್ತ್ರಿ ಅವರ ಕೈಯಲ್ಲಿ ಆ ಎಣ್ಣೆ ಸೋಪಾಯಿತು. ಡಬ್ಬವನ್ನು ಒಡವೆ ಪೆಟ್ಟಿಗೆಯ ಹಾಗೆ ಮಾಡಿಸಿದರಂತೆ. ಸಿಂಹದ ಮೈ, ಆನೆಯ ತಲೆಯ ಶರಭ ಇವತ್ತಿಗೂ ಅದರ ಮೇಲೆ ಕೂತಿದೆ. ಹಾಗಾಗಿ ಬಣ್ಣದ ಕಾಗದ ಸುತ್ತುವ ಖರ್ಚೇ ಇಲ್ಲ. ಮೂರು ಸೋಪು ಜೋಡಿಸಿ ಒಂದು ದಾರ ಕಟ್ಟಿ ಕೊಟ್ಟರೆ ಅದೇ ಚೆಂದ.

ಇದನ್ನು ಕೊಡುವಾಗ ನಾನು ಒಂದು ಮಾತು ಹೇಳಿಯೇ ಕೊಡುತ್ತೇನೆ: ಮೊದಲು ಒಂದು ತಿಂಗಳು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಡಿ, ಆಮೇಲೆ ಸ್ನಾನಕ್ಕೆ ತೆಗೆಯಿರಿ. ಬೀರು ಘಮ್ಮೆನ್ನುತ್ತದೆ. ಸೋಪೂ ಒಣಗಿ ಗಟ್ಟಿಯಾಗಿ ಜಾಸ್ತಿ ದಿನ ಬರುತ್ತದೆ. ನೀರು ನಿಲ್ಲುವ ಡಬ್ಬಿಯಲ್ಲಿಟ್ಟರೆ ಮಾತ್ರ ಯಾವ ಸೋಪಾದರೂ ಕರಗಿ ಹಿಟ್ಟಾಗುತ್ತದೆ, ಅದಕ್ಕೆ ಸೋಪನ್ನು ಬೈಯಬೇಡಿ.

ನಮ್ಮ ಅತ್ತಿಗೆ ಮಂಗಳೂರಿನಲ್ಲಿದ್ದಾರೆ. ಅವರಿಗೆ ಒಂದು ಸಲ ಗಿಫ್ಟ್ ಅಂಗಡಿಯೊಂದರಿಂದ ಕನ್ನಡಿಯಂತೆ ಹೊಳೆಯುವ, ಒಳಗೆ ಹೂವಿನ ಎಸಳಿಟ್ಟ ಗ್ಲಿಸರಿನ್ ಸೋಪು ಕೊಂಡುಹೋಗಿದ್ದೆ. ಸೋಪಿಗಿಂತ ನಾಲ್ಕು ಪಟ್ಟು ಡಬ್ಬದ ಅಂದಕ್ಕೇ ದುಡ್ಡು ಕೊಟ್ಟಿದ್ದೆ ಅನ್ನಿ. ಜುಲೈ ತಿಂಗಳು. ಎರಡೇ ವಾರದಲ್ಲಿ ಸೋಪು ಬೆವರಿತಂತೆ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ? "ಇದಕ್ಕೆ ಟವೆಲ್ ಕೂಡ ನೀನೇ ಕೊಡಬೇಕಿತ್ತು" ಅಂದರು ಅತ್ತಿಗೆ. ಅಂದಿನಿಂದ ಸೋಪಿನ ಹಿಂಬದಿ ಓದುತ್ತೇನೆ. ಗ್ರೇಡ್ 1 ಅಂತ ಇದ್ದರೆ ಕೊಬ್ಬಿನಾಂಶ, ಅಂದರೆ ಟಿಎಫ್‌ಎಂ, ಕಡಿಮೆ ಅಂದರೂ ಶೇ. 76 ಇರಬೇಕು ಅನ್ನುವುದು ನಿಯಮ. ಡಬ್ಬದ ರಿಬ್ಬನ್ನಿಗಿಂತ ಈ ಸಾಲು ಮುಖ್ಯ.

ಐನೂರರ ಒಳಗೆ ಬಂದರೆ ಎಲ್ಲರೂ ಹೋಗುವುದು ಸುವಾಸನೆಯ ಮೇಣದಬತ್ತಿಗೆ. ನಾನೂ ಹೋಗಿದ್ದೆ. ಐದು ವರ್ಷದಲ್ಲಿ ಒಂಬತ್ತು ಮನೆಗೆ ಕೊಟ್ಟಿದ್ದೇನೆ. ಮುಗಿದದ್ದು ಒಂದೇ ಒಂದು. ಅದೂ ಟ್ರಾನ್ಸ್‌ಫಾರ್ಮರ್ ಸುಟ್ಟು ರಾತ್ರಿಯೆಲ್ಲ ಕರೆಂಟ್ ಇಲ್ಲದ ಮನೆಯಲ್ಲಿ. ಉಳಿದವು ಟಿವಿ ಪಕ್ಕ ಧೂಳು ಹಿಡಿದು ಕೂತಿವೆ. ದೀಪ ಹಚ್ಚಿ ಆರಿಸುವುದು ನಮ್ಮಲ್ಲಿ ಬಹಳ ಜನಕ್ಕೆ ಕಸಿವಿಸಿ, ಅಲ್ವಾ?

ಅದೇ ದುಡ್ಡಿಗೆ ಊದಿನಕಡ್ಡಿ ಕೊಟ್ಟರೆ ಎರಡು ತಿಂಗಳಲ್ಲಿ ಖಾಲಿ. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. 1948ರಲ್ಲಿ ಶುರುವಾದ ಸೈಕಲ್ ಬ್ರ್ಯಾಂಡಿನ ಊರೂ ಅದೇ. ಕೊಳ್ಳುವಾಗ ಒಂದು ವ್ಯತ್ಯಾಸ ತಿಳಿದಿರಲಿ. ಮಸಾಲೆ ಬತ್ತಿಯಲ್ಲಿ ಗಂಧದ ಪುಡಿ, ಬೇರು, ಅಂಟು ಎಲ್ಲ ಕಲಸಿ ಕಡ್ಡಿಗೆ ಮೆತ್ತಿರುತ್ತಾರೆ. ಹಚ್ಚುವ ಮೊದಲೇ ಮೆಲ್ಲಗೆ ಘಮ ಬರುತ್ತದೆ. ಇನ್ನೊಂದು ಬಗೆಯಲ್ಲಿ ಇದ್ದಿಲು ಪುಡಿಯ ಕಪ್ಪು ಬತ್ತಿಯನ್ನು ಸುಗಂಧದಲ್ಲಿ ಅದ್ದಿರುತ್ತಾರೆ. ಬೆಲೆ ಕಡಿಮೆ, ಘಾಟು ಜಾಸ್ತಿ. ಉಡುಗೊರೆಗೆ ನಾನು ಮಸಾಲೆಯದ್ದೇ ತರುತ್ತೇನೆ. ಅಸ್ತಮಾ ಇರುವ ಮನೆಗೆ ಎರಡೂ ಬೇಡ, ಹೊಗೆ ಹೊಗೆಯೇ.

ಅಂಥ ಮನೆಗೆ ಲಾವಂಚ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಈ ಹುಲ್ಲಿನ ಬೇರು ಒಣಗಿದ್ದಾಗ ಸುಮ್ನೆ ಕಸದ ಹಾಗೆ ಕಾಣುತ್ತದೆ. ನೀರು ಚಿಮುಕಿಸಿದರೆ ಹೊಸ ಮಳೆ ಬಿದ್ದ ಹಾಗೆ ವಾಸನೆ. ಬೀಸಣಿಗೆ, ಮೈ ಉಜ್ಜುವ ನಾರು, ಕಿಟಕಿಯ ಪರದೆ ಎಲ್ಲ ಸಿಗುತ್ತವೆ. ಅಲ್ಲೇ ಕಚೋರ, ಕಸ್ತೂರಿ ಅರಿಶಿನ, ಒಣಗಿದ ಗುಲಾಬಿ ಎಸಳು ತಂದು, ಹೆಸರುಕಾಳಿನ ಜೊತೆ ಗಿರಣಿಗೆ ಹಾಕಿಸಿ ಸ್ನಾನದ ಪುಡಿ ಮಾಡುತ್ತೇನೆ. ಗಾಜಿನ ಜಾಡಿಯಲ್ಲಿ ತುಂಬಿ ಕೊಟ್ಟರೆ ನೂರೈವತ್ತು ರೂಪಾಯಿಯ ಒಳಗೇ ಆಗುತ್ತದೆ. ಖಾಲಿ ಜಾಡಿ ತಾನಾಗಿಯೇ ಮನೆಗೆ ವಾಪಸ್ ಬರುತ್ತದೆ, "ಇನ್ನೊಂದು ಸಲ ಮಾಡಿದಾಗ ನಮಗೂ ಇರಲಿ" ಅನ್ನುವ ಮಾತಿನ ಜೊತೆ. ಆ ಕಾಲಂನಲ್ಲಿ ಬರೆಯಲು ನನಗೆ ಇದಕ್ಕಿಂತ ಸಾಕ್ಷಿ ಬೇಡ.

ನಾನು ಪೂರ್ತಿ ಸೋತದ್ದು ಒಂದು ಸೀಮಂತದಲ್ಲಿ. ಗೆಳತಿಗೆ ಮಲ್ಲಿಗೆ ಅಂದರೆ ಪ್ರಾಣ. ಮಲ್ಲಿಗೆ ವಾಸನೆಯ ಸ್ಪ್ರೇ ಕೊಟ್ಟು, ಅಲ್ಲೇ ಒಂದು ಸಲ ಹೊಡೆದೂ ತೋರಿಸಿದೆ. ಪಾಪ, ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಬಸುರಿಯರ ಮೂಗಿಗೆ ನಿನ್ನೆಯ ಇಷ್ಟ ಇವತ್ತು ಆಗಿಬರುವುದಿಲ್ಲ. ಹಸುಗೂಸಿನ ಮನೆಗೂ ಅಷ್ಟೇ, ಹತ್ತಿ ಬಟ್ಟೆ ಕೊಟ್ಟು ಬನ್ನಿ.

ಐನೂರು ದಾಟಿದರೆ ಆಯ್ಕೆ ಕಷ್ಟ. ಮೈಸೂರು ಸ್ಯಾಂಡಲ್‌ನಲ್ಲೇ ಮಿಲೇನಿಯಂ ಅಂತ ಒಂದು ಸೋಪಿದೆ. 2012ರಲ್ಲಿ ಬಂದಾಗ ಒಂದಕ್ಕೆ 720 ರೂಪಾಯಿ ಅಂತ ಊರೆಲ್ಲ ಸುದ್ದಿ. ನಿವೃತ್ತರಾದ ನಮ್ಮ ಮೇಲಧಿಕಾರಿಗೆ ಅದನ್ನೇ ಕೊಟ್ಟೆವು. ಬಹಳ ಖುಷಿಪಟ್ಟರು. ಆರು ವರ್ಷ ಆಯಿತು, ಅದು ಇನ್ನೂ ಅವರ ಶೋಕೇಸಿನಲ್ಲಿ ವೀಣೆಯ ಗೊಂಬೆಯ ಪಕ್ಕ ಇದೆ. ಸೋಪಿನ ತಪ್ಪಲ್ಲ. ಬೆಲೆ ಜಾಸ್ತಿಯಾದಷ್ಟೂ ನಮ್ಮವರಿಗೆ ಬಿಚ್ಚುವ ಕೈ ಬರುವುದಿಲ್ಲ.

ಶುದ್ಧ ಗಂಧದೆಣ್ಣೆ ಕೊಡಬೇಕೆಂದರೆ ಬೆಲೆ ನೋಡಿ ಗಾಬರಿಯಾಗಬೇಡಿ. ಎಣ್ಣೆ ಇರುವುದು ಮರದ ಚೇಗಿನಲ್ಲಿ, ಅಂದರೆ ನಡುವಿನ ಗಟ್ಟಿ ಭಾಗದಲ್ಲಿ, ಮತ್ತು ಬೇರಿನಲ್ಲಿ. ಚೇಗು ಬಲಿಯಲು ವರ್ಷಗಟ್ಟಲೆ ಬೇಕು. ಕರ್ನಾಟಕದ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗುವ ಮೊದಲು ಸ್ವಂತ ಜಮೀನಿನ ಗಂಧದ ಮರವೂ ಸರ್ಕಾರದ್ದೇ ಆಗಿತ್ತು, ಹಾಗಾಗಿ ರೈತರು ನೆಡುವ ಗೋಜಿಗೇ ಹೋಗುತ್ತಿರಲಿಲ್ಲ. ಪ್ರವಾಸದಲ್ಲಿ ಒಬ್ಬರು ಗೈಡ್ ಕರೆದುಕೊಂಡು ಹೋದ ಅಂಗಡಿಯಲ್ಲಿ ನಾನು ಅಗ್ಗಕ್ಕೆ ಸಿಕ್ಕಿತೆಂದು ಎರಡು ಸೀಸೆ ಕೊಂಡೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯಿತು, ಒಂದು ಗಂಟೆಯಲ್ಲಿ ಮಾಯ. ನಿಜವಾದ ಗಂಧ ಇದರ ತಿರುವುಮುರುವು. ಮೊದಲು "ಇಷ್ಟೇನಾ" ಅನ್ನಿಸುತ್ತದೆ. ನಿಧಾನಕ್ಕೆ ಆರುವ ಎಣ್ಣೆ ಅದು, ಬೆಳಗ್ಗೆ ಕರವಸ್ತ್ರಕ್ಕೆ ಹಾಕಿದ್ದು ರಾತ್ರಿಯೂ ಇರುತ್ತದೆ. ಮೂಗಿಗೆ ಮೋಸ ಮಾಡುವ ಬೆರಕೆಯೂ ಉಂಟು, ಅದಕ್ಕೇ ಈಗ ರಾಜ್ಯ ಸರ್ಕಾರದ ಕಾವೇರಿ ಎಂಪೋರಿಯಂನಲ್ಲಿ ಬಿಲ್ ಹಾಕಿಸಿ ಅತಿ ಚಿಕ್ಕ ಸೀಸೆ ತರುತ್ತೇನೆ.

ಆಫೀಸಿನ ಗೆಳತಿಗೆ ರಂಜಾನ್‌ಗೆ ಉತ್ತರ ಪ್ರದೇಶದ ಕನೌಜಿನ ಅತ್ತರು ಕೊಡುತ್ತೇನೆ. ಅದರಲ್ಲಿ ಆಲ್ಕೋಹಾಲ್ ಇಲ್ಲ. ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿದ ಘಮವನ್ನು ಗಂಧದೆಣ್ಣೆಯಲ್ಲಿ ಹಿಡಿಯುವುದು ಅದರ ಹಳೆಯ ಕ್ರಮ. ಸುಟ್ಟ ಮಣ್ಣಿನಿಂದ ಇಳಿಸಿದ ಮಿಟ್ಟಿ ಅತ್ತರನ್ನು ಒಮ್ಮೆ ಮೂಸಿ ನೋಡಿ. ಗೆಳತಿ ವರ್ಷಕ್ಕೊಂದು ಸೀಸೆ ಮುಗಿಸುತ್ತಾಳೆ.

ಈ ದೀಪಾವಳಿಗೆ ಪಟ್ಟಿಯಲ್ಲಿ 14 ಮನೆ ಇವೆ. ಎಂಟಕ್ಕೆ ಸೋಪು, ಮೂರಕ್ಕೆ ಸ್ನಾನದ ಪುಡಿ, ಎರಡಕ್ಕೆ ಊದಿನಕಡ್ಡಿ. ಉಳಿದದ್ದು ಚಿಕ್ಕಮ್ಮನ ಮನೆ. ಕೋವಿಡ್ ಆದಮೇಲೆ ಅವರಿಗೆ ವಾಸನೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಅವರಿಗೆ ಬಾಳೆಹಣ್ಣಿನ ಹಲ್ವ.